ಮಂಕು ಬಣ್ಣದ ಮೇಲೆ ಮೂರು ಬಣ್ಣದ ವೃತ್ತ



ವಿಮಾನ, ಬಸ್ಸು, ರೈಲು ಇವುಗಳ ಚಿಕ್ಕ ಮಾದರಿಗಳನ್ನು ಮಾಡುವ ಹವ್ಯಾಸ ನಿಮ್ಮಲ್ಲಿ ಹಲವರಿಗೆ ಇರಬಹುದು. ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ, ಸಂದುಗಳನ್ನು ಉಜ್ಜಿ, ಎರಡು ಮೂರು ಬಣ್ಣ ಬಳಿಯುವ ಹೊತ್ತಿಗೆ ಒಂದು ತಿಂಗಳೇ ಕಳೆದಿರುತ್ತದೆ. ಕೊನೆಗೆ ಉಳಿಯುವುದು ಹತ್ತು ನಿಮಿಷದ ಕೆಲಸ. ವಿಮಾನದ ರೆಕ್ಕೆಯ ಮೇಲೆ ವಾಯುಪಡೆಯ ವೃತ್ತಚಿಹ್ನೆ, ಬಾಲದ ಬಳಿ ಅದರ ಸಂಖ್ಯೆ ಇವನ್ನು ಅಂಟಿಸಬೇಕು. ಅಂಟಿಸುತ್ತೀರಿ. ರಾತ್ರಿ ನೋಡಿದಾಗ ಎಲ್ಲವೂ ಸರಿಯಾಗಿದೆ. ಬೆಳಗ್ಗೆ ಎದ್ದು ನೋಡಿದರೆ ಸಂಖ್ಯೆಯ ಸುತ್ತ ಬೂದಿ ಬಳಿದಂತೆ ಒಂದು ಬೆಳ್ಳಗಿನ ಮಬ್ಬು! ಒಂದು ತಿಂಗಳ ಶ್ರಮಕ್ಕೆ ಹತ್ತು ನಿಮಿಷದಲ್ಲಿ ಕಲೆ ಬಿದ್ದಿರುತ್ತದೆ. ಇದು ಏಕೆ ಆಗುತ್ತದೆ, ಆಗದಂತೆ ಏನು ಮಾಡಬೇಕು ಎಂಬುದೇ ಇಂದಿನ ಮಾತು. ಇದರಲ್ಲಿ ನಿಮ್ಮ ಭೌತಶಾಸ್ತ್ರದ ಪಾಠವೂ ಇದೆ, ನಮ್ಮ ಬೆಂಗಳೂರಿನ ಚರಿತ್ರೆಯೂ ಸ್ವಲ್ಪ ಇದೆ.

ಹೀಗೆ ಅಂಟಿಸುವ ತೆಳು ಚಿತ್ರಕ್ಕೆ ಡಿಕ್ಯಾಲ್ ಎಂದು ಹೆಸರು. ಒಂದು ದಪ್ಪ ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅಂಟಿನ ಮೇಲೆ ಪಾರದರ್ಶಕವಾದ ಒಂದು ಪೊರೆ, ಆ ಪೊರೆಯ ಮೇಲೆ ಅಚ್ಚಾದ ಚಿತ್ರ, ಇಷ್ಟೇ ಅದರ ರಚನೆ. ನೀರಿನಲ್ಲಿ ನೆನೆಸಿದಾಗ ಅಂಟು ಸಡಿಲವಾಗಿ, ಪೊರೆ ಚಿತ್ರದೊಡನೆ ಜಾರಿ ಬರುತ್ತದೆ. ಪಿಂಗಾಣಿ ಬಟ್ಟಲುಗಳ ಮೇಲಿನ ಹೂವಿನ ಚಿತ್ರಗಳಲ್ಲಿ ಬಹಳಷ್ಟನ್ನು ಹೀಗೆಯೇ ಅಂಟಿಸಿ ಆಮೇಲೆ ಕುಲುಮೆಯಲ್ಲಿ ಸುಡುತ್ತಾರೆ. ಹಿಂದೆ ಸೈಕಲ್ಲಿನ ಕೊಳವೆಗಳ ಮೇಲೆ ಕಂಪನಿಯ ಹೆಸರು ಕೂರುತ್ತಿದ್ದುದೂ ಹೀಗೆಯೇ. ಬಟ್ಟಲಿನ ಮೇಲೆ, ಸೈಕಲ್ಲಿನ ಮೇಲೆ ಬಾರದ ಮಬ್ಬು ಯುದ್ಧವಿಮಾನದ ಮಾದರಿಯ ಮೇಲೆ ಮಾತ್ರ ಬರುತ್ತದೆ. ಬಟ್ಟಲು, ಸೈಕಲ್ ಎರಡೂ ಹೊಳೆಯುವ ವಸ್ತುಗಳು. ಯುದ್ಧವಿಮಾನದ್ದು ಹೊಳಪಿಲ್ಲದ ಮಂಕು ಬಣ್ಣ. ಗುಟ್ಟು ಅಲ್ಲಿದೆ.

ಮಂಕು ಎಂದರೇನು?

ಮಳೆ ನಿಂತ ರಾತ್ರಿ ರಾಜಾಜಿನಗರದ ಕಡೆಯ ಕಾರ್ಡ್ ರಸ್ತೆಯನ್ನು ನೋಡಿದ್ದೀರಾ? ಹಗಲಿನಲ್ಲಿ ಬೂದು ಬಣ್ಣದ ಒರಟು ಟಾರು. ಮಳೆಯಾದ ಮೇಲೆ ಅದೇ ರಸ್ತೆ ಕಪ್ಪಗೆ ಮಿರುಗುತ್ತದೆ, ಬೀದಿದೀಪಗಳೆಲ್ಲ ಅದರಲ್ಲಿ ಉದ್ದುದ್ದವಾಗಿ ಪ್ರತಿಫಲಿಸುತ್ತವೆ. ರಸ್ತೆ ಬದಲಾಗಲಿಲ್ಲ. ಜಲ್ಲಿಯ ಸಂದುಗಳಲ್ಲಿ ನೀರು ತುಂಬಿ ಮೇಲ್ಮೈ ನಯವಾಯಿತು, ಅಷ್ಟೆ. ಒರಟು ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ನಯವಾದ ಮೇಲ್ಮೈ ಒಂದೇ ದಿಕ್ಕಿಗೆ ಕಳಿಸುತ್ತದೆ.

ಮ್ಯಾಟ್ ಪೇಂಟ್ ಎಂದು ಅಂಗಡಿಯಲ್ಲಿ ಸಿಗುವ ಬಣ್ಣ ಈ ಒಣಗಿದ ರಸ್ತೆಯ ಹಾಗೆ. ಅದರಲ್ಲಿ ಸಿಲಿಕಾದಂಥ ನುಣ್ಣನೆಯ ಪುಡಿ ಬೆರೆಸಿರುತ್ತಾರೆ. ಬಣ್ಣ ಒಣಗಿದಾಗ ಈ ಕಣಗಳು ತಲೆ ಎತ್ತಿ ನಿಲ್ಲುತ್ತವೆ. ಬೆರಳಿಗೆ ನಯವೆನಿಸಿದರೂ ಬೆಳಕಿನ ಅಲೆಗಳಿಗೆ ಅದು ಗುಡ್ಡಗಾಡು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಮಿಲಿಮೀಟರಿನ ಹತ್ತು ಸಾವಿರ ಭಾಗಗಳಲ್ಲಿ 4ರಿಂದ 7 ಭಾಗದಷ್ಟು ಮಾತ್ರ ಎಂಬುದನ್ನು ನೆನಪಿಡಿ.

ಈ ಗುಡ್ಡಗಾಡಿನ ಮೇಲೆ ಡಿಕ್ಯಾಲಿನ ಪೊರೆಯನ್ನು ಹಾಸಿದರೆ ಏನಾಗುತ್ತದೆ? ಮುಳ್ಳುಬೇಲಿಯ ಮೇಲೆ ಒಣಹಾಕಿದ ಪಂಚೆಯಂತೆ ಅದು ಶಿಖರದಿಂದ ಶಿಖರಕ್ಕೆ ಚಾಚಿಕೊಂಡು ನಿಲ್ಲುತ್ತದೆ. ಕೆಳಗಿನ ಕಣಿವೆಗಳಲ್ಲಿ ಮೊದಲು ನೀರಿರುತ್ತದೆ. ನೀರು ಇರುವವರೆಗೆ ತೊಂದರೆ ಕಾಣುವುದಿಲ್ಲ, ಆದ್ದರಿಂದಲೇ ರಾತ್ರಿ ಎಲ್ಲವೂ ಚೆನ್ನಾಗಿ ತೋರುತ್ತದೆ. ಬೆಳಗಾಗುವಷ್ಟರಲ್ಲಿ ನೀರು ಆರಿ, ಅದರ ಜಾಗಕ್ಕೆ ಗಾಳಿ ಬಂದಿರುತ್ತದೆ.

ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿನದು 1.33, ಪೊರೆಯದು ಸುಮಾರು 1.5 ಎಂದಿಟ್ಟುಕೊಳ್ಳಿ. ಸೂಚ್ಯಂಕ ಬೇರೆಯಾಗಿರುವ ಎರಡು ಮಾಧ್ಯಮಗಳ ಗಡಿಯಲ್ಲಿ ಬೆಳಕಿನ ಒಂದು ಪಾಲು ಹಿಂದಿರುಗುತ್ತದೆ. 1.5ರಿಂದ 1ನ್ನು ಕಳೆದು, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ, ವರ್ಗ ಮಾಡಿ ನೋಡಿ: 0.04, ಅಂದರೆ ನೇರವಾಗಿ ಬಿದ್ದ ಬೆಳಕಿನ ನೂರರಲ್ಲಿ 4 ಪಾಲು. ಪೊರೆಯ ಅಡಿಯಲ್ಲಿ ಗಾಳಿ ಸಿಕ್ಕಿಬಿದ್ದರೆ ಇಂಥ ಗಡಿಗಳು ಎರಡು ಹೆಚ್ಚಾಗುತ್ತವೆ: ಪೊರೆಯಿಂದ ಗಾಳಿಗೆ ಒಂದು, ಗಾಳಿಯಿಂದ ಬಣ್ಣಕ್ಕೆ ಇನ್ನೊಂದು. ಕಡುಹಸಿರಿನಂಥ ಬಣ್ಣ ತಾನಾಗಿ ಹಿಂದಿರುಗಿಸುವ ಬೆಳಕೇ ಕಡಿಮೆ. ಅದರ ಮೇಲೆ ಈ ಹೆಚ್ಚುವರಿ ಬಿಳಿ ಬೆಳಕು ಸೇರಿದಾಗ ಬೆಳ್ಳಿಯ ಮಬ್ಬಾಗಿ ಎದ್ದು ಕಾಣುತ್ತದೆ. ಇದೇ ಕಾರಣಕ್ಕೆ ಮಾದರಿ ಮಾಡುವವರು ಈ ದೋಷವನ್ನು ಸಿಲ್ವರಿಂಗ್ ಎಂದು ಕರೆಯುತ್ತಾರೆ.

ಮಾಡಿ ನೋಡಿ

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಪ್ಪು ಪ್ಲಾಸ್ಟಿಕ್ಕಿನ ಹಳೆಯ ಮುಚ್ಚಳವೊಂದನ್ನು ತೆಗೆದುಕೊಳ್ಳಿ. ಅದರ ಅರ್ಧ ಭಾಗವನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ. ಉಜ್ಜಿದ ಭಾಗ ಬೂದುಬಣ್ಣಕ್ಕೆ ತಿರುಗುತ್ತದೆ. ಅದರ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಹಾಸಿ. ಬೂದು ಹಾಗೆಯೇ ಉಳಿಯುತ್ತದೆ. ಈಗ ಹಾಳೆಯ ಅಡಿಗೆ ಎರಡು ತೊಟ್ಟು ನೀರು ಬಿಟ್ಟು ಬೆರಳಿನಿಂದ ಒತ್ತಿ. ನೀರು ಹರಡಿದಲ್ಲೆಲ್ಲ ಕಪ್ಪು ಮರಳಿ ಬರುತ್ತದೆ. ಅದನ್ನು ಹಾಗೆಯೇ ಬಿಟ್ಟು, ನೀರು ಪೂರ್ತಿ ಆರಿದ ಮೇಲೆ ನೋಡಿ. ಮತ್ತೆ ಬೂದು. ನಿಮ್ಮ ಮಾದರಿಯ ಮೇಲೆ ಒಂದು ರಾತ್ರಿಯಲ್ಲಿ ನಡೆದ ಘಟನೆ ಇದೇ.

ಪರಿಹಾರದ ತತ್ತ್ವ

ಒರಟಿನಿಂದ ತೊಂದರೆ ಎಂದು ಗೊತ್ತಾಯಿತು. ಆದರೆ ನಮಗೆ ಕೊನೆಗೆ ಬೇಕಾದದ್ದು ಮಂಕು ವಿಮಾನವೇ. ಹಾಗಾದರೆ ಒರಟನ್ನು ಡಿಕ್ಯಾಲಿನ ಕೆಳಗಿನಿಂದ ತೆಗೆದು ಡಿಕ್ಯಾಲಿನ ಮೇಲಕ್ಕೆ ತರಬೇಕು. ಮೊದಲು ಮಂಕು ಬಣ್ಣದ ಮೇಲೆ ಹೊಳಪಿನ ವಾರ್ನಿಷ್, ಅದರ ಮೇಲೆ ಡಿಕ್ಯಾಲ್, ಎಲ್ಲದರ ಮೇಲೆ ಮಂಕು ವಾರ್ನಿಷ್. ಮಳೆನೀರು ರಸ್ತೆಗೆ ಮಾಡಿದ ಕೆಲಸವನ್ನು ಹೊಳಪಿನ ವಾರ್ನಿಷ್ ಶಾಶ್ವತವಾಗಿ ಮಾಡುತ್ತದೆ. ಕಣಿವೆಗಳು ತುಂಬಿರುವುದರಿಂದ ಗಾಳಿಗೆ ಜಾಗ ಸಿಗುವುದಿಲ್ಲ. ಕೊನೆಯ ಮಂಕು ಪದರ ಡಿಕ್ಯಾಲನ್ನೂ ಬಣ್ಣವನ್ನೂ ಒಂದೇ ಸಮನಾಗಿ ಮುಚ್ಚುವುದರಿಂದ ಪೊರೆಯ ಅಂಚು ಕಣ್ಣಿಗೆ ಬೀಳುವುದಿಲ್ಲ. ಆದರೆ ಒಮ್ಮೆ ಪೊರೆಯ ಕೆಳಗೆ ಸಿಕ್ಕಿದ ಗಾಳಿಯನ್ನು ಮೇಲಿನಿಂದ ಎಷ್ಟು ಮಂಕು ವಾರ್ನಿಷ್ ಬಳಿದರೂ ಮರೆಮಾಡಲು ಆಗದು.

ಕೆಲಸದ ಕ್ರಮ

ಬಣ್ಣ ಬಳಿದ ಮಾದರಿಯನ್ನು ಕನಿಷ್ಠ ಒಂದೆರಡು ದಿನ ಒಣಗಲು ಬಿಡಿ. ಎನಾಮಲ್ ಬಣ್ಣವಾದರೆ ಇನ್ನೂ ಹೆಚ್ಚು. ಆಮೇಲೆ ಹೊಳಪಿನ ವಾರ್ನಿಷನ್ನು ಒಂದೇ ಸಲ ದಪ್ಪಗೆ ಬಳಿಯದೆ, ಎರಡು ಮೂರು ತೆಳು ಪದರಗಳಾಗಿ ಬಳಿಯಿರಿ. ಚಿತ್ರಕಲಾ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುವ ಅಕ್ರಿಲಿಕ್ ವಾರ್ನಿಷ್ ಇದಕ್ಕೆ ಸಾಕು. ಹಾರ್ಡ್‌ವೇರ್ ಅಂಗಡಿಯ ಲ್ಯಾಕರ್ ಸ್ಪ್ರೇಗಳಲ್ಲಿ ತೀಕ್ಷ್ಣ ದ್ರಾವಕಗಳಿರುತ್ತವೆ. ಅವು ಕೆಳಗಿನ ಬಣ್ಣವನ್ನು ಕರಗಿಸಬಹುದು. ಯಾವುದನ್ನೇ ಆಗಲಿ ಒಂದು ಬೇಡವಾದ ಪ್ಲಾಸ್ಟಿಕ್ ತುಂಡಿನ ಮೇಲೆ ಮೊದಲು ಪರೀಕ್ಷಿಸಿ. ಈ ಪದರಕ್ಕೂ ಒಂದು ದಿನ ಒಣಗಲು ಕೊಡಿ.

ಡಿಕ್ಯಾಲ್ ಹಾಳೆಯಿಂದ ಬೇಕಾದ ಚಿತ್ರವನ್ನು ಮಾತ್ರ ಕತ್ತರಿಸಿ. ಚಿತ್ರದ ಸುತ್ತ ಉಳಿದ ಬರಿಯ ಪೊರೆಯನ್ನು ಹರಿತವಾದ ಬ್ಲೇಡಿನಿಂದ ಆದಷ್ಟು ಸವರಿ ತೆಗೆಯಿರಿ. ಪೊರೆ ಕಡಿಮೆಯಾದಷ್ಟೂ ಮಬ್ಬಿಗೆ ಅವಕಾಶ ಕಡಿಮೆ. ತಟ್ಟೆಯಲ್ಲಿ ಉಗುರುಬೆಚ್ಚನೆಯ ನೀರಿಟ್ಟು, ಚಿತ್ರವನ್ನು ಚಿಮುಟದಲ್ಲಿ ಹಿಡಿದು ಹದಿನೈದು ಇಪ್ಪತ್ತು ಸೆಕೆಂಡು ಅದ್ದಿ ಹೊರತೆಗೆಯಿರಿ. ಅಂಟು ಸಡಿಲವಾಗಲು ಒಂದು ನಿಮಿಷ ಕಾಯಿರಿ. ನೀರಿನಲ್ಲೇ ತೇಲಲು ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ.

ನೀರಿನ ವಿಷಯವಾಗಿ ಒಂದು ಮಾತು. ಕೆಂಗೇರಿಯ ಕಡೆಯಾಗಲಿ, ಬೇರೆ ಬಡಾವಣೆಗಳಲ್ಲಾಗಲಿ ಕೊಳವೆಬಾವಿಯ ನೀರನ್ನು ಬಳಸುವ ಮನೆಗಳಿವೆ. ಗಡಸು ನೀರು ಆರಿದ ಜಾಗದಲ್ಲಿ ಬಿಳಿಯ ಕಲೆ ನಿಲ್ಲುವುದನ್ನು ನಿಮ್ಮ ಮನೆಯ ಸ್ಟೀಲ್ ಪಾತ್ರೆಗಳ ಮೇಲೇ ನೋಡಿರುತ್ತೀರಿ. ಕಡು ಬಣ್ಣದ ಮಾದರಿಯ ಮೇಲೆ ಈ ಕಲೆ ಇನ್ನೂ ಸ್ಪಷ್ಟ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಂಡರೆ ಹತ್ತು ಮಾದರಿಗಳಿಗೆ ಸಾಕಾಗುತ್ತದೆ.

ಡಿಕ್ಯಾಲ್ ಕೂರಬೇಕಾದ ಜಾಗವನ್ನು ಕುಂಚದಿಂದ ತೇವ ಮಾಡಿ, ಕಾಗದದಿಂದ ಚಿತ್ರವನ್ನು ಅಲ್ಲಿಗೆ ಜಾರಿಸಿ. ಎತ್ತಿ ಇಡಲು ಹೋಗಬೇಡಿ, ಮಡಚಿಕೊಳ್ಳುತ್ತದೆ. ಒದ್ದೆ ಇರುವಾಗಲೇ ಕುಂಚದ ತುದಿಯಿಂದ ಸರಿಯಾದ ಸ್ಥಾನಕ್ಕೆ ತಳ್ಳಿ. ಆಮೇಲೆ ಒದ್ದೆ ಹತ್ತಿಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒತ್ತುತ್ತ ನೀರನ್ನು ಹೊರಡಿಸಿ. ಅಂಚಿನಿಂದ ನಡುವಿಗೆ ಒತ್ತಿದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ.

ಇದಕ್ಕೆ ನೆರವಾಗುವ ಎರಡು ಬಗೆಯ ದ್ರಾವಣಗಳು ಹವ್ಯಾಸಿಗಳ ಅಂಗಡಿಗಳಲ್ಲಿ ಸಿಗುತ್ತವೆ. ಒಂದು ಸೌಮ್ಯವಾದದ್ದು, ಡಿಕ್ಯಾಲ್ ಇಡುವ ಮುನ್ನ ಮೇಲ್ಮೈಗೆ ಹಚ್ಚುವಂಥದು. ಇಂಥವುಗಳಲ್ಲಿ ಕೆಲವಕ್ಕೆ ವಿನೆಗರಿನ ವಾಸನೆ ಇರುತ್ತದೆ, ಅಸಿಟಿಕ್ ಆಮ್ಲ ಇರುವುದೇ ಕಾರಣ. ಅದು ನೀರಿನ ಮೇಲ್ಮೈ ಕರ್ಷಣವನ್ನು ತಗ್ಗಿಸಿ, ನೀರು ಮೂಲೆಮೂಲೆಗೂ ಹರಡುವಂತೆ ಮಾಡುತ್ತದೆ. ನೀರು ಬೆರೆಸಿದ ಬಿಳಿ ವಿನೆಗರನ್ನೇ ಬಳಸುವವರೂ ಉಂಟು. ಇನ್ನೊಂದು ಪ್ರಬಲವಾದದ್ದು, ಪೊರೆಯನ್ನೇ ಮೆದು ಮಾಡಿ ರೆಕ್ಕೆಯ ಗೀರುಗಳಿಗೆ, ಉಬ್ಬುಗಳಿಗೆ ಅದು ಹೊಂದಿಕೊಳ್ಳುವಂತೆ ಮಾಡುತ್ತದೆ. ಇದನ್ನು ಹಚ್ಚಿದ ಕೂಡಲೇ ಪೊರೆ ಸುಕ್ಕುಗಟ್ಟಿ ನಿಮ್ಮನ್ನು ಹೆದರಿಸಬಹುದು. ಆಗ ಮುಟ್ಟಲೇಬೇಡಿ. ಒಣಗುತ್ತ ತಾನಾಗಿ ಬಿಗಿದುಕೊಳ್ಳುತ್ತದೆ. ಮರುದಿನ ಎಲ್ಲಿಯಾದರೂ ಬೆಳ್ಳಿಯ ಚುಕ್ಕೆ ಕಂಡರೆ ತೆಳುವಾದ ಸೂಜಿಯಿಂದ ಅಲ್ಲಿ ಒಂದೆರಡು ಕಡೆ ಚುಚ್ಚಿ ಮತ್ತೆ ಒಂದು ತೊಟ್ಟು ದ್ರಾವಣ ಹಚ್ಚಿದರೆ, ಆ ಚಿಕ್ಕ ರಂಧ್ರಗಳ ಮೂಲಕ ಅದು ಒಳಗೆ ಇಳಿಯುತ್ತದೆ.

ಎಲ್ಲ ಒಣಗಿದ ಬಳಿಕ ಒದ್ದೆ ಹತ್ತಿಯಿಂದ ಒರೆಸಿ, ಸುತ್ತ ಉಳಿದ ಅಂಟನ್ನು ತೆಗೆಯಿರಿ. ಬಿಟ್ಟರೆ ಅದು ಕಂದುಕಲೆಯಾಗಬಹುದು. ಕೊನೆಗೆ ಮಂಕು ವಾರ್ನಿಷ್. ಇದರಲ್ಲಿರುವ ಪುಡಿ ಬಾಟಲಿಯ ತಳಕ್ಕೆ ಇಳಿದಿರುತ್ತದೆ, ಆದ್ದರಿಂದ ಚೆನ್ನಾಗಿ ಕಲಕಿ ಬಳಸಿ. ಮಳೆಗಾಲದ ತೇವದ ದಿನ ಸ್ಪ್ರೇ ಮಾಡಿದರೆ ಲ್ಯಾಕರ್ ಬಿಳಿಚಿಕೊಳ್ಳುವ ಸಂಭವವಿದೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿನ ತೇವ ಅದರ ಮೇಲೆ ಸಾಂದ್ರಗೊಳ್ಳುವುದೇ ಇದಕ್ಕೆ ಕಾರಣ. ಬಿಸಿಲು ಬಂದ ದಿನಕ್ಕಾಗಿ ಕಾಯುವುದು ಒಳ್ಳೆಯದು.

ಥಿನ್ನರ್, ಲ್ಯಾಕರ್ ಇವುಗಳ ಆವಿ ತಲೆನೋವು, ತಲೆಸುತ್ತು ತರುತ್ತದೆ. ಬೇಗ ಹೊತ್ತಿಕೊಳ್ಳುತ್ತದೆ ಕೂಡ. ಅಡುಗೆಮನೆಯಲ್ಲಿ, ದೇವರ ದೀಪದ ಬಳಿ, ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡ. ತಾರಸಿಯ ಮೇಲೆ ಅಥವಾ ಕಿಟಕಿಗಳನ್ನೆಲ್ಲ ತೆರೆದು ಮಾಡಿ. ಚಿಕ್ಕವರು ಮನೆಯಲ್ಲಿ ಹಿರಿಯರಿಗೆ ತಿಳಿಸಿಯೇ ಮಾಡಬೇಕು.

ಇಷ್ಟೆಲ್ಲ ಏಕೆ?

ಒಂದು ಚಿಕ್ಕ ಚಿತ್ರಕ್ಕಾಗಿ ಇಷ್ಟು ದಿನ ಕಾಯಬೇಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ನಮ್ಮ ಊರಿನದೇ ಒಂದು ವಿಮಾನವನ್ನು ತೆಗೆದುಕೊಳ್ಳೋಣ, ಹಿಂದುಸ್ಥಾನ್ ಏರೋನಾಟಿಕ್ಸ್‌ನ ಎಚ್.ಎಫ್.-24 ಮಾರುತ್. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳೊಡನೆ ಇದನ್ನು ರೂಪಿಸಿದರು. ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಮಾಡಿ 1959ರಲ್ಲಿ ಹಾರಿಸಿ ನೋಡಿದರು. ಜೆಟ್ ವಿಮಾನ ಹುಟ್ಟುವ ಮೊದಲು ಅದರ ಮಾದರಿ ಹುಟ್ಟಿತ್ತು ಎಂದಾಯಿತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಬೆಂಗಳೂರಿನಲ್ಲಿ ಮಾರುತ್‌ನ ಮೊದಲ ಹಾರಾಟ ನಡೆಸಿದರು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ಹೋರಾಡಿದವು. 1990ರಲ್ಲಿ ಸೇವೆಯಿಂದ ನಿವೃತ್ತವಾದವು. ಸುರಂಜನ್ ದಾಸ್ 1970ರ ಜನವರಿಯಲ್ಲಿ ಮಾರುತ್‌ನ ಪರೀಕ್ಷಾ ಹಾರಾಟದಲ್ಲಿಯೇ ಪ್ರಾಣ ತೆತ್ತರು.

ಮಾರುತ್ ಈಗ ಹಾರುತ್ತಿಲ್ಲ. ಉಳಿದ ಕೆಲವು ವಿಮಾನಗಳು ವಸ್ತುಸಂಗ್ರಹಾಲಯಗಳಲ್ಲಿ ನಿಂತಿವೆ. 15.87 ಮೀಟರ್ ಉದ್ದದ ಈ ವಿಮಾನವನ್ನು 72ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಮಾಡಿದರೆ ಸುಮಾರು 22 ಸೆಂಟಿಮೀಟರ್ ಉದ್ದವಾಗುತ್ತದೆ, ನಿಮ್ಮ ಪುಸ್ತಕದ ಕಪಾಟಿನಲ್ಲಿ ಸುಲಭವಾಗಿ ನಿಲ್ಲುತ್ತದೆ. ನಿಜವಾದ ವಿಮಾನದಲ್ಲಿ 36 ಸೆಂಟಿಮೀಟರ್ ಅಗಲದ ವೃತ್ತವಿದ್ದರೆ ಮಾದರಿಯಲ್ಲಿ ಅದು 5 ಮಿಲಿಮೀಟರ್. ಡಿಕ್ಯಾಲಿನ ದಪ್ಪ ಮಿಲಿಮೀಟರಿನ ಐವತ್ತನೆಯ ಒಂದು ಭಾಗ ಎಂದುಕೊಂಡರೂ, ಅದೇ ಲೆಕ್ಕದಲ್ಲಿ ಹಿಗ್ಗಿಸಿದಾಗ ಒಂದೂವರೆ ಮಿಲಿಮೀಟರ್ ದಪ್ಪದ ತಗಡು ಅಂಟಿಸಿದಂತಾಗುತ್ತದೆ. ಪೊರೆಯ ಅಂಚನ್ನು ಸವರಿ, ವಾರ್ನಿಷಿನ ಕೆಳಗೆ ಮುಚ್ಚಬೇಕು ಎನ್ನುವುದು ಅದಕ್ಕೇ.

ಗುರುತುಗಳಿಗೆ ಕಾಲವೂ ಇದೆ. ಭಾರತೀಯ ವಾಯುಪಡೆ 1932ರಲ್ಲಿ ಆರಂಭವಾದಾಗ ಬ್ರಿಟಿಷರ ಕೆಂಪು, ಬಿಳಿ, ನೀಲಿ ವೃತ್ತವನ್ನೇ ಬಳಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಕೆಂಪು ಸೂರ್ಯನೊಡನೆ ಗೊಂದಲವಾಗಬಾರದೆಂದು ಕೆಂಪನ್ನು ಬಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಕೆಲಕಾಲ ಅಶೋಕಚಕ್ರ. ಗಣರಾಜ್ಯವಾದ 1950ರಿಂದ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ವೃತ್ತ. 1948ರಲ್ಲಿ ಕಾಶ್ಮೀರದ ಮೇಲೆ ಹಾರಿದ ಸ್ಪಿಟ್‌ಫೈರ್ ವಿಮಾನದ ಮಾದರಿಗೆ ಮೂರು ಬಣ್ಣದ ವೃತ್ತ ಅಂಟಿಸಿದರೆ ಅದು ಚರಿತ್ರೆಗೆ ತಪ್ಪು ಹೇಳಿದಂತೆ. ಸಂಖ್ಯೆ ಇಲ್ಲದ ಮಾರುತ್ ಯಾವುದೋ ಒಂದು ಮಾರುತ್. ಸಂಖ್ಯೆ ಬಂದ ಕೂಡಲೇ ಅದು ಇಂಥದೇ ವಿಮಾನವಾಗುತ್ತದೆ. ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರು ಇದ್ದಾರೆ. ವಿಮಾನ ಕಾರ್ಖಾನೆಯಲ್ಲಿದ್ದ ತಾತನೊಬ್ಬರ ಕೈಗೆ ನಿಮ್ಮ ಮಾದರಿಯನ್ನು ಕೊಟ್ಟರೆ ಅವರು ಕನ್ನಡಕ ಸರಿಮಾಡಿಕೊಂಡು ಮೊದಲು ಓದುವುದು ಆ ಸಂಖ್ಯೆಯನ್ನೇ. ಅದು ಮಬ್ಬಾಗಿರಬಾರದಲ್ಲವೆ?

ನಿಜವಾದ ಮಾರುತ್ ನೋಡಬೇಕೆಂದರೆ ನಮ್ಮ ಬಡಾವಣೆಗಳಿಂದ ಊರಿನ ಮತ್ತೊಂದು ತುದಿಗೆ ಹೋಗಬೇಕು. ಕೆಂಗೇರಿ, ವಿಜಯನಗರದವರು ನೇರಳೆ ಮಾರ್ಗದ ಮೆಟ್ರೋದಲ್ಲಿ ಇಂದಿರಾನಗರದವರೆಗೆ ಹೋಗಿ, ಅಲ್ಲಿಂದ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಡೆಗೆ ಬಸ್ಸು ಹಿಡಿಯಬಹುದು. ಎಚ್.ಎ.ಎಲ್.ನ ಹೆರಿಟೇಜ್ ಸೆಂಟರ್ 2001ರಲ್ಲಿ ಆರಂಭವಾಯಿತು. ನೋಟ್‌ಬುಕ್ ಒಯ್ಯಿರಿ. ವೃತ್ತ ಎಲ್ಲಿದೆ, ಅಕ್ಷರಗಳ ಎತ್ತರ ಎಷ್ಟಿರಬಹುದು ಎಂದು ಬರೆದುಕೊಳ್ಳಿ. ಪ್ರದರ್ಶನದ ವಿಮಾನಗಳಿಗೆ ಆಗಾಗ ಹೊಸ ಬಣ್ಣ ಬಳಿಯುತ್ತಾರಾದ್ದರಿಂದ ಹಳೆಯ ಛಾಯಾಚಿತ್ರಗಳೊಡನೆ ಹೋಲಿಸುವುದೂ ಅಗತ್ಯ.

ಬೇಕಾದ ಡಿಕ್ಯಾಲ್ ಸಿಗದಿದ್ದರೆ ನೀವೇ ಮಾಡಿಕೊಳ್ಳಬಹುದು. ಬರಿಯ ಡಿಕ್ಯಾಲ್ ಕಾಗದ ಮಾರಾಟಕ್ಕೆ ಸಿಗುತ್ತದೆ. ಲೇಸರ್ ಪ್ರಿಂಟರಿನಲ್ಲಿ ಅಚ್ಚು ಹಾಕಿದರೆ ಅನುಕೂಲ. ಇಂಕ್‌ಜೆಟ್‌ನ ಶಾಯಿ ನೀರಿಗೆ ಕದಡುವುದರಿಂದ ಮೊದಲು ವಾರ್ನಿಷ್ ಲೇಪಿಸಬೇಕು. ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲ. ಪಾರದರ್ಶಕ ಕಾಗದದ ಮೇಲೆ ಅಚ್ಚಾದ ಕೇಸರಿ ಬಣ್ಣ ಕಡುಹಸಿರು ರೆಕ್ಕೆಯ ಮೇಲೆ ಕೆಸರಿನಂತೆ ಕಾಣುತ್ತದೆ, ಬಿಳಿಯ ಉಂಗುರವಂತೂ ಮಾಯವೇ ಆಗುತ್ತದೆ. ಅದಕ್ಕೆ ಬಿಳಿಯ ಡಿಕ್ಯಾಲ್ ಕಾಗದವನ್ನೇ ಬಳಸಿ, ಇಲ್ಲವೆ ಅಡಿಯಲ್ಲಿ ಬಿಳಿ ವೃತ್ತವೊಂದನ್ನು ಬಣ್ಣದಲ್ಲಿ ಬರೆದುಕೊಳ್ಳಿ.

ಈ ವಿದ್ಯೆ ವಿಮಾನಕ್ಕೆ ಮಾತ್ರ ಮೀಸಲಲ್ಲ. ಕೆಂಗೇರಿಯಲ್ಲಿ ಕೆ.ಎಸ್.ಆರ್.ಟಿ.ಸಿ.ಯ ಪ್ರಾದೇಶಿಕ ಕಾರ್ಯಾಗಾರವಿದೆ. ನಿಮ್ಮ ಬೀದಿಯಲ್ಲಿ ಹೋಗುವ ಬಸ್ಸಿನ ಮಾದರಿ ಮಾಡಿ ನೋಡಿ. ಹೊರದೇಶದಿಂದ ಬರುವ ಡಿಕ್ಯಾಲ್ ಹಾಳೆಗಳಲ್ಲಿ ಕನ್ನಡದ ಮಾರ್ಗಫಲಕವನ್ನು ಹುಡುಕಿ ಫಲವಿಲ್ಲ. ಗಂಡಭೇರುಂಡದ ಲಾಂಛನವನ್ನೂ ಕನ್ನಡ ಅಕ್ಷರಗಳನ್ನೂ ನೀವೇ ಸಿದ್ಧಪಡಿಸಿಕೊಳ್ಳಬೇಕು. ಬಸ್ಸಿನ ಬಣ್ಣ ಹೊಳಪಿನದಾದ್ದರಿಂದ ಮಬ್ಬಿನ ಭಯ ಕಡಿಮೆ, ಕೈ ಪಳಗಿಸಿಕೊಳ್ಳಲು ತಕ್ಕ ಕೆಲಸ. ಹೊಳಪು ಮಾತ್ರ ಹಿತಮಿತವಾಗಿರಲಿ. ನಮ್ಮ ಸ್ಟುಡಿಯೋದಲ್ಲಿ ಪುಟ್ಟ ಮಾದರಿಯೊಂದನ್ನು ದೀಪಗಳ ಕೆಳಗೆ ಇಟ್ಟಾಗ ಅದು ಮಿರಮಿರನೆ ಹೊಳೆದರೆ ಕ್ಯಾಮರಾ ಅದನ್ನು ಆಟಿಕೆಯೆಂದೇ ತೋರಿಸಿಬಿಡುತ್ತದೆ. ಸ್ವಲ್ಪ ಮಂಕಾಗಿಸಿದರೆ ನಿಜವಾದ ವಾಹನದ ಗಾತ್ರ, ತೂಕ ಬಂದಂತೆ ತೋರುತ್ತದೆ.

ಮುಂದಿನ ರಜೆಯಲ್ಲಿ ಮೊದಲು ಆ ಕಪ್ಪು ಮುಚ್ಚಳದ ಪ್ರಯೋಗ ಮಾಡಿ. ಆಮೇಲೆ ಅದೇ ಮುಚ್ಚಳದ ಅರ್ಧಕ್ಕೆ ಹೊಳಪಿನ ವಾರ್ನಿಷ್ ಬಳಿದು, ಇನ್ನರ್ಧಕ್ಕೆ ಬಳಿಯದೆ, ಎರಡರ ಮೇಲೂ ಬೇಡವಾದ ಡಿಕ್ಯಾಲ್ ತುಂಡುಗಳನ್ನು ಅಂಟಿಸಿ, ಮಂಕು ವಾರ್ನಿಷ್ ಹಾಕಿ ಮಾರನೆಯ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಹೋಲಿಸಿ. ಅದರಲ್ಲಿ ಗೆದ್ದ ಮೇಲೆ ಮಾರುತ್‌ನ ರೆಕ್ಕೆಗೆ ಕೈ ಹಾಕಿ. ನಿಮಗೆಲ್ಲ ಶುಭವಾಗಲಿ.